ಕೇಬಲ್ ಗಣೇಶಪ್ರಸಾದ ಮತ್ತು ಕಸ್ಟಮ್ಸ್ ಆಫೀಸರ್

ಕಾಸರಗೋಡು ಕಡೆಯ ಮುಳ್ಳೇರಿಯದಲ್ಲಿ ಗಣೇಶಪ್ರಸಾದನ ಮೆಚ್ಚುಗೆ ಪಡೆದವರು ಯಾರೂ ಇರಲಿಲ್ಲ. ಬಸ್ ಸ್ಟ್ಯಾಂಡಿನ ಹಿಂದಿನ ಗುಡ್ಡದ ಮೇಲೆ, ಶೀಟು ಹೊದೆಸಿದ ಒಂದು ಕೋಣೆಯಲ್ಲಿ ಕುಳಿತು ಅವನು ಊರಿಗೆಲ್ಲ ಟಿ.ವಿ. ತೋರಿಸುತ್ತಿದ್ದ. ಹೊರಗೆ ಆಕಾಶಕ್ಕೆ ಬಾಯಿ ತೆರೆದು ನಿಂತ ಡಿಶ್‌ಗಳು, ಒಳಗೆ ಸದಾ ಬಿಸಿಯಾಗಿ ಗುಂಯ್‌ಗುಡುವ ರಿಸೀವರುಗಳು. ಅಲ್ಲಿಂದ ಹೊರಟ ಕಪ್ಪು ಕೇಬಲು ತೆಂಗಿನ ಮರದಿಂದ ರಬ್ಬರ್ ಮರಕ್ಕೆ, ರಬ್ಬರ್ ಮರದಿಂದ ಕಂಬಕ್ಕೆ ಹಾರಿ ಕಾರಡ್ಕ, ಆದೂರಿನ ಮನೆಗಳವರೆಗೂ ಹೋಗುತ್ತಿತ್ತು. ಯಾವ ಮನೆಯವರಿಗೆ ಯಾವ ಚಾನೆಲ್ ನಿಂತರೆ ಉಸಿರು ನಿಲ್ಲುತ್ತದೆ ಎಂದು ಅವನಿಗೆ ಗೊತ್ತಿತ್ತು. ಅದು ಗೊತ್ತಿದ್ದುದರಿಂದಲೇ ಅವನಿಗೆ ಊರಿನ ಮೇಲೆ ಗೌರವ ಹುಟ್ಟಲಿಲ್ಲ. ಸೊಸೆಯ ಹಾಲಿಗೆ ಅತ್ತೆ ವಿಷ ಬೆರೆಸುವ ಹೊತ್ತಿಗೆ ಸರಿಯಾಗಿ ಕೇಬಲು ಕಡಿದರೆ, ಸತ್ತವರ ಮನೆಯಿಂದ ಬಂದ ಹಾಗೆ ಫೋನು ಬರುತ್ತಿತ್ತು. ಗಂಡಸರಿಗೆ ಕ್ರಿಕೆಟ್ಟು. ದಿನವಿಡೀ ಬಿಸಿಲಲ್ಲಿ ನಿಂತುಕೊಂಡಿರುವವರನ್ನು ದಿನವಿಡೀ ಕೂತುಕೊಂಡು ನೋಡುವವರು ಎಂದು ಅವನು ಅವರನ್ನು ಹಳಿಯುತ್ತಿದ್ದ.

ಅವನಿಗೆ ಬೇಕಾದದ್ದು ಅಮೆರಿಕದ ರೆಸ್ಲಿಂಗ್. ಎರಡು ಸಾವಿರದ ಎರಡರ ಸುಮಾರಿಗೆ ಒಂದು ಮಧ್ಯಾಹ್ನ ಹೊಸ ರಿಸೀವರನ್ನು ಪರೀಕ್ಷಿಸುವಾಗ ಸಿಕ್ಕಿದ್ದು, ಮತ್ತೆ ಬಿಡಲಿಲ್ಲ. ಆಗ ಅವನಲ್ಲಿ ಕ್ರೀಡಾ ಚಾನೆಲಿಗೆ ಒಂದೇ ರಿಸೀವರ್ ಇತ್ತು. ರೆಸ್ಲಿಂಗಿನ ಹೊತ್ತಿಗೆ ಕ್ರಿಕೆಟ್ ಬಂದರೆ ಅವನು ಕ್ರಿಕೆಟನ್ನೇ ತೆಗೆದುಬಿಡುತ್ತಿದ್ದ.

"ಮಾರಾಯಾ, ಮ್ಯಾಚ್ ಎಲ್ಲಿ ಹೋಯ್ತು?" ಎಂದು ಜನ ಫೋನಿನಲ್ಲಿ ಕಿರುಚಿದರೆ, "ಅಲ್ಲಿ ಮಳೆ ಉಂಟು, ಆಟ ನಿಂತಿದೆ" ಎಂದು ಫೋನು ಇಡುತ್ತಿದ್ದ.

ರೆಸ್ಲಿಂಗ್ ಎಲ್ಲ ಮೊದಲೇ ಮಾತಾಡಿಕೊಂಡು ಆಡುವ ಸುಳ್ಳು ಎಂದು ಯಾರಾದರೂ ಹೇಳಿದರೆ ಅವರನ್ನು ಅವನು ಮೇಲಿಂದ ಕೆಳಗೆ ನೋಡುತ್ತಿದ್ದ. ನಿಜವೆಂದು ನಂಬಿದವರನ್ನೂ ಹಾಗೆಯೇ ನೋಡುತ್ತಿದ್ದ. "ಬಯಲಾಟದಲ್ಲಿ ತಲೆ ಕಡಿದ್ರೆ ನೀವು ಪೊಲೀಸರಿಗೆ ಫೋನ್ ಮಾಡ್ತೀರಾ? ಇಲ್ಲ ಅಲ್ವಾ? ಕಡಿದದ್ದು ಚೆನ್ನಾಗಿತ್ತಾ ಅಂತ ಮಾತ್ರ ನೋಡ್ಬೇಕು" ಎನ್ನುತ್ತಿದ್ದ. ಯಾರು ಹೇಗೆ ಬೀಳುತ್ತಾರೆ, ಬಿದ್ದ ಮೇಲೆ ಎಷ್ಟು ಹೊತ್ತು ನೋವನ್ನು ನೆನಪಿಟ್ಟುಕೊಳ್ಳುತ್ತಾರೆ, ಒಮ್ಮೆ ಪೆಟ್ಟು ತಿಂದ ಕೈಯನ್ನು ಮರೆತು ಅದೇ ಕೈಯಿಂದ ಎದುರಾಳಿಯನ್ನು ಎತ್ತುತ್ತಾರೋ ಎಂಬುದನ್ನೆಲ್ಲ ಅವನು ಕಾಯುತ್ತಿದ್ದ. ತಪ್ಪು ಸಿಕ್ಕಿದರೆ ಕೋಣೆಯಲ್ಲಿ ಒಬ್ಬನೇ ಕುಳಿತು ಅಮೆರಿಕದವರನ್ನೂ ಬೈಯುತ್ತಿದ್ದ. ಅವನ ಹೆಂಡತಿ ಶ್ರೀರಂಜಿನಿ ಹತ್ತಿರದ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರು. ಊಟದ ಬುತ್ತಿ ತಂದಾಗ ಬಾಗಿಲಲ್ಲಿ ನಿಂತು ಸ್ವಲ್ಪ ನೋಡಿ, "ಎಲ್ಲರೂ ಚಡ್ಡಿಯಲ್ಲೇ ಇದ್ದಾರೆ, ನಿಮಗೆ ಗುರುತು ಹೇಗೆ ಸಿಗ್ತದೆ?" ಎಂದು ಕೇಳಿ ಹೋಗುತ್ತಿದ್ದಳು.

ಎರಡು ಸಾವಿರದ ಹನ್ನೊಂದರಲ್ಲಿ ಮೊಗ್ರಾಲಿನ ಖಾಲಿದ್ ಎಂಬವನು ಗುಡ್ಡ ಹತ್ತಿ ಬಂದ. ದುಬೈಯಲ್ಲಿ ಯಾವುದೋ ದೊಡ್ಡ ಸಭಾಂಗಣದಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದು ಊರಿಗೆ ಮರಳಿದವನು. ಅಲ್ಲಿ ರೆಸ್ಲಿಂಗ್ ನಡೆದಾಗ ಮೇಲೆ ದೀಪ ಹಿಡಿದು ಕೂತಿದ್ದನಂತೆ. ಅಷ್ಟರಿಂದಲೇ ತನಗೆ ಎಲ್ಲ ಗೊತ್ತಾಗಿದೆ ಎಂದು ಅವನ ನಂಬಿಕೆ. ಮೊಗ್ರಾಲು, ಕುಂಬಳೆಯ ಜಿಮ್ಮಿನ ಹುಡುಗರನ್ನು ಒಟ್ಟುಮಾಡಿ ತಂಡ ಕಟ್ಟಿದ್ದ, ಜನವರಿಯ ಒಂದು ಭಾನುವಾರ ಮುಳ್ಳೇರಿಯದ ಮೈದಾನದಲ್ಲಿ ಪ್ರದರ್ಶನ ಇಟ್ಟಿದ್ದ.

"ಗಣೇಶಣ್ಣಾ, ನಿಮ್ಮ ಲೋಕಲ್ ಚಾನೆಲ್‌ನಲ್ಲಿ ಕೆಳಗಡೆ ಅಕ್ಷರ ಓಡಿಸ್ಬೇಕು. ಮಲಬಾರಿನಲ್ಲೇ ಮೊದಲ ಸಲ ಅಂತ."

"ರಿಂಗ್ ಎಲ್ಲಿಂದ?"

"ನಮ್ಮದೇ ವೆಲ್ಡರ್ ಮಾಡಿದ್ದು."

"ಅವ ಮೊದಲು ಎಂತ ಮಾಡಿದ್ದ?"

"ಗೇಟು," ಎಂದ ಖಾಲಿದ್. "ಒಳ್ಳೆ ಗೇಟು ಮಾಡ್ತಾನೆ."

ಗಣೇಶಪ್ರಸಾದ ಅಕ್ಷರ ಓಡಿಸಿದ. ಆದರೆ 'ಮಲಬಾರಿನಲ್ಲೇ ಮೊದಲ ಸಲ' ಎಂಬುದರ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ.

ತಾನು ಹೋಗುವುದಿಲ್ಲ ಎಂದು ವಾರವಿಡೀ ಹೇಳಿಕೊಂಡು ತಿರುಗಿದವನು ಆ ಭಾನುವಾರ ಊಟವಾದ ಕೂಡಲೇ ಅಂಗಿ ಇಸ್ತ್ರಿ ಮಾಡತೊಡಗಿದ. ಶ್ರೀರಂಜಿನಿಯೂ ಸೀರೆ ಉಟ್ಟು ಹೊರಟಳು.

"ನಿನಗೆಂತಕ್ಕೆ ಅದು?"

"ನೀವು ಮನೆಯಲ್ಲಿ ಬೈಯುವುದು ಕೇಳಿ ಅಭ್ಯಾಸ ಆಗಿದೆ. ಎದುರೆದುರು ಹೇಗೆ ಬೈತೀರಿ ನೋಡುವಾ."

ಮೈದಾನದಲ್ಲಿ ನೀಲಿ ಕುರ್ಚಿಗಳು, ಸುತ್ತ ತಗಡಿನ ಗೋಡೆ. ಗಣೇಶಪ್ರಸಾದ ಮೊದಲ ಸಾಲಿನಲ್ಲಿ ಕುಳಿತವನು ಕುಳಿತಲ್ಲಿಂದಲೇ ಬಗ್ಗಿ ರಿಂಗಿನ ಅಡಿಯನ್ನು ನೋಡಿದ. ಹಳೆಯ ಲಾರಿ ಟಯರು, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಪ್ಲೈವುಡ್ಡು, ಎಲ್ಲವನ್ನೂ ಮುಚ್ಚಲು ಬಿಳಿ ಕ್ಯಾನ್ವಾಸು. ಪ್ಲೈವುಡ್ಡಿಗೆ ಇನ್ನೂ ಯಾವುದೋ ಮದುವೆಯ ಥರ್ಮೊಕೋಲಿನ ಚೂರು ಅಂಟಿಕೊಂಡಿತ್ತು. ಹಗ್ಗವೆಂದರೆ ಪಂಪ್‌ಸೆಟ್ಟಿನ ಪೈಪು, ಕೆಂಪು ಟೇಪು ಸುತ್ತಿದ್ದು.

"ಗೇಟಿನವ ಗೇಟೇ ಮಾಡಿದ್ದಾನೆ," ಎಂದು ಅವನು ಹೆಂಡತಿಗೆ ಕೇಳುವಂತೆ ಹೇಳಿದ. ಸುತ್ತಲಿನವರಿಗೂ ಕೇಳಿಸಿತು.

ಈ ಕಡೆ ಭಾಷಣವಿಲ್ಲದೆ ಏನೂ ಶುರುವಾಗುವುದಿಲ್ಲ. ಸ್ವಾಗತ, ಅಧ್ಯಕ್ಷತೆ, ಉದ್ಘಾಟನೆ, ಶುಭಾಶಂಸನೆ ಎಲ್ಲ ರಿಂಗಿನೊಳಗೇ ನಡೆಯಿತು. ಜನಪ್ರತಿನಿಧಿಗಳು ಪಂಚೆ ಎತ್ತಿ ಹಗ್ಗದ ನಡುವೆ ನುಸುಳಿ ಒಳಗೆ ಹೋದರು, ಒಬ್ಬರಂತೂ ಹಗ್ಗಕ್ಕೆ ಸಿಕ್ಕಿಕೊಂಡು ಇಬ್ಬರು ಎಳೆಯಬೇಕಾಯಿತು. ಯುವಜನರ ಆರೋಗ್ಯ, ಮತಸೌಹಾರ್ದ, ಮಾದಕ ದ್ರವ್ಯದ ಕೆಡುಕು ಎಲ್ಲದರ ಬಗ್ಗೆ ಮಾತಾಡಿದರು. ರೆಸ್ಲಿಂಗಿನ ಬಗ್ಗೆ ಮಾತ್ರ ಯಾರಿಗೂ ಏನೂ ಗೊತ್ತಿರಲಿಲ್ಲ.

ಮೊದಲ ಪಂದ್ಯದಲ್ಲಿ ಇಬ್ಬರು ಜಿಮ್ಮಿನ ಹುಡುಗರು ಪರಸ್ಪರ ಎದೆಗೆ ಹೊಡೆದುಕೊಂಡು, ಹೊಡೆದ ಮೇಲೆ "ನೋವಾಯ್ತಾ?" ಎಂಬಂತೆ ಮುಖ ನೋಡಿಕೊಂಡರು. ಎರಡನೆಯದರಲ್ಲಿ ಕಾಳಿಂಗ ಎಂಬ ಮುಖವಾಡದವನು ಬಂದ. ಮುಖವಾಡ ಜಾರಿ ಕಣ್ಣಿನ ತೂತು ಹಣೆಗೆ ಹೋಗಿತ್ತು. ಅವನು ಕಾಣದೆ ರೆಫ್ರಿಯನ್ನೇ ಹಿಡಿದು ಕೆಡವಿದ. ಹಿಂದಿನ ಸಾಲಿನಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಸುಬ್ಬರಾಯರು ಕೊಡೆಗೆ ಗಲ್ಲ ಊರಿ ಕುಳಿತಿದ್ದರು. ಪ್ರತಿ ಏಟಿಗೂ ಅವರು, "ಡೂಪ್ಲಿಕೇಟು, ಎಲ್ಲ ಡೂಪ್ಲಿಕೇಟು," ಎಂದು ಪಕ್ಕದವರಿಗೆ ದೊಡ್ಡ ಗುಟ್ಟು ಹೇಳಿದಂತೆ ಹೇಳುತ್ತಿದ್ದರು.

ಗಣೇಶಪ್ರಸಾದನಿಗೆ ತಡೆಯಲಾಗಲಿಲ್ಲ. ತಿರುಗಿ, "ಡೂಪ್ಲಿಕೇಟ್ ಮಾಡ್ಲಿಕ್ಕೂ ಇವಕ್ಕೆ ಬರುದಿಲ್ಲ ಸ್ವಾಮಿ, ಅದೇ ಸಮಸ್ಯೆ," ಎಂದ.

ಆಮೇಲೆ ಕಸ್ಟಮ್ಸ್ ಆಫೀಸರ್ ಬಂದ.

ಬಿಳಿ ಪ್ಯಾಂಟು, ಬಿಳಿ ಅಂಗಿ, ಹೆಗಲಿಗೆ ಪಟ್ಟಿ, ತಲೆಗೆ ಟೊಪ್ಪಿ, ಕೈಯಲ್ಲಿ ಒಂದು ಸೀಮೆಸುಣ್ಣ. ಗೇಟಿನಿಂದ ರಿಂಗಿಗೆ ನಡೆದು ಬರುವಾಗ ಅವನು ಯಾರ ಮುಖವನ್ನೂ ನೋಡಲಿಲ್ಲ, ಚೀಲಗಳನ್ನು ಮಾತ್ರ ನೋಡಿದ. ಒಬ್ಬ ಹೆಂಗಸಿನ ವ್ಯಾನಿಟಿ ಬ್ಯಾಗಿಗೆ ಸೀಮೆಸುಣ್ಣದಿಂದ ಗುಣಾಕಾರದ ಗುರುತು ಹಾಕಿ, "ಇದನ್ನು ಬದಿಗಿಡಿ," ಎಂದ. ಅಷ್ಟೇ ಸಾಕಾಯಿತು. ಗಲ್ಫಿಗೆ ಹೋಗಿ ಬಂದವರಿಲ್ಲದ ಮನೆ ಈ ಕಡೆ ಎಷ್ಟಿವೆ? ವಿಮಾನ ಇಳಿದು, ಹಗ್ಗ ಸುತ್ತಿದ ಪೆಟ್ಟಿಗೆಯನ್ನು ಅಪರಿಚಿತರ ಎದುರು ಬಿಚ್ಚಿ, ಮಕ್ಕಳಿಗೆ ತಂದ ಆಟಿಕೆಯನ್ನು ಯಾರೋ ಅಲ್ಲಾಡಿಸಿ ನೋಡುವಾಗ ತಲೆ ತಗ್ಗಿಸಿ ನಿಂತವರೆಲ್ಲ ಅಲ್ಲಿದ್ದರು. ಮೈದಾನವೇ ಎದ್ದು ಬೊಬ್ಬೆ ಹೊಡೆಯಿತು. ಅವನು ಕಿವಿ ಕೆರೆದುಕೊಂಡು ರಿಂಗಿಗೆ ಹತ್ತಿದ.

ಅವನು ಮೊಗ್ರಾಲಿನ ಸಿನಾನ್, ಖಾಲಿದನ ತಂಗಿಯ ಮಗ, ಹಗಲು ಮೀನಿನ ಟೆಂಪೊ ಓಡಿಸುವವನು. ಅವನ ಎದುರಾಳಿಯ ಹೆಸರು 'ಪ್ರವಾಸಿ'. ಮಲಯಾಳದಲ್ಲಿ ಆ ಮಾತಿಗೆ ಪರದೇಶದಲ್ಲಿ ದುಡಿಯುವವನು ಎಂದು ಅರ್ಥ. ಆ ವೇಷ ಹಾಕಿದವನು ಬದಿಯಡ್ಕದ ಕಡೆಯ ಕೆಂಪುಕಲ್ಲಿನ ಕೋರೆಯಲ್ಲಿ ಕಲ್ಲು ಹೊರುವ ಕಿಟ್ಟಣ್ಣ. ಅವನು ಹಗ್ಗ ಸುತ್ತಿದ ಪೆಟ್ಟಿಗೆಯನ್ನು ತಲೆಯ ಮೇಲಿಟ್ಟುಕೊಂಡು ಬಂದಾಗ ಶ್ರೀರಂಜಿನಿ ಕುರ್ಚಿಯಿಂದ ಅರ್ಧ ಎದ್ದಿದ್ದಳು.

"ಕನ್ನಡದಲ್ಲಿ ಪ್ರವಾಸಿ ಅಂದ್ರೆ ಟೂರಿಗೆ ಹೋದವ," ಎಂದು ಗಣೇಶಪ್ರಸಾದ ಮೂಗು ಮುರಿದ. ಅವಳು ಕೇಳಿಸಿಕೊಳ್ಳಲಿಲ್ಲ.

ಪಂದ್ಯ ಚೆನ್ನಾಗಿಯೇ ನಡೆಯಿತು. ಗಣೇಶಪ್ರಸಾದನಿಗೂ ಅದು ತಿಳಿಯಿತು. ತಿಳಿದದ್ದಕ್ಕೇ ಅವನ ಸಿಟ್ಟು ಹೆಚ್ಚಾಯಿತು. ಕಸ್ಟಮ್ಸ್ ಆಫೀಸರ್ ಪೆಟ್ಟಿಗೆ ಬಿಚ್ಚಿ ಒಂದು ಲುಂಗಿ, ಒಂದು ಟಾರ್ಚು, ಟ್ಯಾಂಗ್ ಪುಡಿಯ ಡಬ್ಬಿ ಒಂದೊಂದಾಗಿ ಹೊರಗೆ ಬಿಸಾಡಿದ. ಪ್ರವಾಸಿ ತಡೆದುಕೊಂಡು ನಿಂತವನು ಕೊನೆಗೆ ತಡೆಯಲಾರದೆ ಅವನ ಬಲಗಾಲಿನ ಮಂಡಿಗೆ ಒದ್ದ. ಅಲ್ಲಿಂದ ಮುಂದೆ ಸಿನಾನ್ ಬಲಗಾಲು ಎಳೆಯುತ್ತ ಕುಂಟಿದ. ಓಡುವಾಗ ಕುಂಟಿದ, ಹೊಡೆಯುವಾಗ ಕುಂಟಿದ, ಯಾರೂ ನೋಡದ ಮೂಲೆಯಲ್ಲಿ ನಿಂತಾಗಲೂ ಭಾರವನ್ನೆಲ್ಲ ಎಡಗಾಲಿಗೇ ಹಾಕಿದ. ಹೇಗೂ ಒಂದು ಹಂತದಲ್ಲಿ ಮರೆಯುತ್ತಾನೆ ಎಂದು ಗಣೇಶಪ್ರಸಾದ ಕಾದು ಕುಳಿತ.

ಕೊನೆಯ ಹೊತ್ತಿಗೆ ಪ್ರವಾಸಿ ಅಂಗಾತ ಬಿದ್ದಿದ್ದ. ಕಸ್ಟಮ್ಸ್ ಆಫೀಸರ್ ಮೂಲೆಯ ಕಂಬ ಹತ್ತಿ, ಟೊಪ್ಪಿ ಸರಿಮಾಡಿಕೊಂಡು, ಅವನ ಮೇಲೆ ಹಾರಿದ. ಪ್ರವಾಸಿ ಉರುಳಿ ತಪ್ಪಿಸಿಕೊಂಡ. ಅದು ಮೊದಲೇ ಮಾತಾಡಿಕೊಂಡದ್ದೇ. ಆದರೆ ಸಿನಾನ್ ಇಳಿದದ್ದು ಎರಡು ಪ್ಲೈವುಡ್ ಹಲಗೆಗಳು ಸೇರುವ ಜಾಗಕ್ಕೆ. ಹಲಗೆಗಳು ಸರಿದು ಬಾಯಿ ಬಿಟ್ಟವು; ಕ್ಯಾನ್ವಾಸಿನೊಂದಿಗೆ ಅವನ ಎಡಗಾಲು ಮಂಡಿಯವರೆಗೆ ಒಳಗೆ ಹೋಯಿತು, ಮೈ ಮಾತ್ರ ಮುಂದಕ್ಕೆ ಬಿತ್ತು. ಕಾಲನ್ನು ಎಳೆದುಕೊಂಡು ಅವನು ಮಗ್ಗುಲಾಗಿ ಮಲಗಿ ಎಡಗಾಲನ್ನು ಎರಡೂ ಕೈಗಳಿಂದ ಹಿಡಿದುಕೊಂಡ. ಕ್ಯಾನ್ವಾಸು ಮೊದಲಿನಂತೆ ಮೇಲೆ ಬಂದು ಮುಚ್ಚಿಕೊಂಡಿತು.

ಗಣೇಶಪ್ರಸಾದ ಕುರ್ಚಿಯ ಮೇಲೆ ಹತ್ತಿ ನಿಂತ.

"ಬಲಗಾಲು ಮಾರಾಯಾ, ಬಲಗಾಲು! ಇಷ್ಟು ಹೊತ್ತು ಕುಂಟಿದ್ದು ಯಾವುದು, ಈಗ ಹಿಡ್ದದ್ದು ಯಾವುದು? ಕಾಲು ಮರ್ತುಹೋಯ್ತಾ ನಿಂಗೆ?"

ಅವನ ಗಂಟಲು ದೊಡ್ಡದು. ಸುತ್ತಲಿನವರು ನೋಡಿದರು, ಹೌದಲ್ಲ, ಎಡಗಾಲು! ನಕ್ಕರು. ನಗು ಹಿಂದಿನ ಸಾಲುಗಳಿಗೆ ಹೋಯಿತು. ಸ್ವಲ್ಪ ಹೊತ್ತಿನಲ್ಲಿ ಇಡೀ ಮೈದಾನ ಚಪ್ಪಾಳೆಯ ತಾಳಕ್ಕೆ "ಬಲಗಾಲು! ಬಲಗಾಲು!" ಎಂದು ಕೂಗತೊಡಗಿತು. ಸುಬ್ಬರಾಯರೂ ಕೊಡೆಯನ್ನು ನೆಲಕ್ಕೆ ಕುಟ್ಟಿ ಕೂಗಿದರು.

ಶ್ರೀರಂಜಿನಿ ಗಂಡನ ಅಂಗಿ ಹಿಡಿದು ಎಳೆದು ಮನೆಮಾತಿನಲ್ಲೇ, "ಅವಂಗೆ ನಿಜವಾಗಿ ಪೆಟ್ಟಾಯಿದು, ಇಳಿರಿ," ಎಂದಳು.

"ನಿನಗೆಂತ ಗೊತ್ತು? ಹತ್ತು ವರ್ಷದಿಂದ ನೋಡ್ತಾ ಇದ್ದೇನೆ ನಾನು," ಎಂದು ಅವನು ಮತ್ತೆ ಕೂಗಿದ.

ಕಿಟ್ಟಣ್ಣನಿಗೆ ಏನು ಮಾಡುವುದೆಂದು ತಿಳಿಯಲಿಲ್ಲ. ಬಗ್ಗಿ ನೋಡಿದ. ಸಿನಾನ್ ಅವನ ಅಂಗಿಯ ಕಾಲರು ಹಿಡಿದು ಕಿವಿಯಲ್ಲಿ ಏನೋ ಹೇಳಿ, ಮರುಕ್ಷಣವೇ ಅವನ ಕೆನ್ನೆಗೆ ಒಂದು ಬಿಟ್ಟ. ಕಿಟ್ಟಣ್ಣ ಬೆಚ್ಚಿಬಿದ್ದು ಅವನನ್ನು ಅದುಮಿ ಹಿಡಿದ. ರೆಫ್ರಿ ಮೂರು ಸಲ ನೆಲಕ್ಕೆ ಬಡಿದ. ಪ್ರವಾಸಿ ಗೆದ್ದ. ಜನ ಕುರ್ಚಿಗಳನ್ನು ತಲೆಯ ಮೇಲೆತ್ತಿ ಕುಣಿದರು.

ಕಸ್ಟಮ್ಸ್ ಆಫೀಸರನನ್ನು ನಾಲ್ಕು ಮಂದಿ ಬೆಂಚಿನ ಮೇಲೆ ಹೊತ್ತು ತಂದರು. ಮೊದಲ ಸಾಲಿನ ಎದುರು ಬಂದಾಗ ಅವನು ಕೈ ಚಾಚಿ, ನೋಡಲು ಹಿಂದಿನ ಸಾಲಿನಿಂದ ಮುಂದೆ ನುಗ್ಗಿದ್ದ ಸುಬ್ಬರಾಯರ ಕೊಡೆಯನ್ನು ಕಿತ್ತುಕೊಂಡು, "ಇದಕ್ಕೆ ಡ್ಯೂಟಿ ಕಟ್ಟಿದ್ದೀರಾ?" ಎಂದ. ಮತ್ತೊಮ್ಮೆ ಬೊಬ್ಬೆ ಎದ್ದಿತು. ಅವನ ಹಣೆಯ ಬೆವರು ಕಿವಿಗೆ ಇಳಿಯುತ್ತಿತ್ತು, ತುಟಿ ಬಿಳಿಚಿತ್ತು. ಗಣೇಶಪ್ರಸಾದ ಆಗ ಕಾಲಿನ ಕಡೆ ನೋಡಿದ. ಎಡಪಾದ ಇರಬೇಕಾದ ದಿಕ್ಕಿಗೆ ಇರಲಿಲ್ಲ. ಬಿಳಿ ಬೂಟಿನ ತುದಿ ಪೂರ್ತಿ ಹೊರಕ್ಕೆ ತಿರುಗಿ ಬೆಂಚಿನ ಅಂಚಿಗೆ ಬಡಿಯುತ್ತಿತ್ತು.

ಅವನು ಕುರ್ಚಿಯಿಂದ ಇಳಿದ. ಎಲ್ಲರೂ ಇನ್ನೂ ನಗುತ್ತಲೇ ಇದ್ದರು.

ತಗಡಿನ ಗೋಡೆಯ ಹಿಂದೆ ಖಾಲಿದ್ ಎರಡು ಫೋನುಗಳಲ್ಲಿ ಮಾತಾಡುತ್ತಿದ್ದ. ತಂಡದ ವ್ಯಾನು ಜನರ ಬೈಕುಗಳ ನಡುವೆ ಸಿಕ್ಕಿಬಿದ್ದಿತ್ತು. ಆಂಬುಲೆನ್ಸಿನ ಯೋಚನೆಯನ್ನು ಯಾರೂ ಮಾಡಿರಲಿಲ್ಲ.

"ಮತಸೌಹಾರ್ದಕ್ಕೆ ಐದು ಜನ ಭಾಷಣಕ್ಕೆ ಸಿಕ್ಕಿದ್ರು, ಒಂದು ಕಾರು ಸಿಗ್ಲಿಲ್ಲವಾ ನಿನಗೆ?" ಎಂದು ಗಣೇಶಪ್ರಸಾದ ಅವನ ಮೇಲೆ ರೇಗಿದ.

"ಬೈಯುದು ಆಮೇಲೆ. ಜೀಪು ತನ್ನಿ," ಎಂದಳು ಶ್ರೀರಂಜಿನಿ.

ಕೇಬಲಿನ ಜೀಪು ಅದು, ಮೇಲೆ ಏಣಿ, ಹಿಂದೆ ಕೇಬಲಿನ ಸುರುಳಿಗಳು. ಸುರುಳಿಗಳ ಮೇಲೆ ಗೋಣಿ ಹಾಸಿ ಸಿನಾನನನ್ನು ಮಲಗಿಸಿದರು. ಕಿಟ್ಟಣ್ಣ ಅವನ ಹೆಗಲನ್ನು, ಶ್ರೀರಂಜಿನಿ ಕಾಲನ್ನು ಅಲ್ಲಾಡದಂತೆ ಹಿಡಿದು ಕುಳಿತರು. ಕಾಸರಗೋಡಿನ ದಾರಿಯಲ್ಲಿ, ಚೆರ್ಕಳದ ತಿರುವುಗಳಲ್ಲಿ ಗಣೇಶಪ್ರಸಾದ ರಸ್ತೆಯನ್ನು ಬೈದ, ರಸ್ತೆ ಮಾಡಿದವರನ್ನು ಬೈದ, ಎದುರಿಗೆ ಬಂದ ಬಸ್ಸಿನ ಡ್ರೈವರನನ್ನು ಬೈದ.

ಹಿಂದಿನಿಂದ ಸಿನಾನ್ ಕೇಳಿದ: "ಬಲಗಾಲು ಅಂತ ಬೊಬ್ಬೆ ಹೊಡೆದದ್ದು ನೀವಾ?"

"ಹೌದು," ಎಂದ ಗಣೇಶಪ್ರಸಾದ ರಸ್ತೆಯನ್ನೇ ನೋಡುತ್ತ.

"ಒಳ್ಳೆದಾಯ್ತು. ಆ ಬಲಗಾಲನ್ನು ಒಂದು ತಿಂಗಳು ಪ್ರಾಕ್ಟೀಸ್ ಮಾಡಿದ್ದು ನಾನು. ಟೆಂಪೊದಿಂದ ಇಳಿಯುವಾಗ ಕೂಡ ಕುಂಟ್ತಿದ್ದೆ. ಯಾರೂ ಗಮನಿಸುದಿಲ್ಲ ಅಂತ ಮಾವ ಹೇಳಿದ್ರು." ಜೀಪು ಗುಂಡಿಗೆ ಇಳಿದು ಅವನು ಹಲ್ಲು ಕಚ್ಚಿದ. ಮತ್ತೆ ಹೇಳಿದ: "ನೀವು ಕೂಗಿದ ಮೇಲೆ ಜನ ಎದ್ದು ನಿಂತ್ರು, ಅಲ್ವಾ?"

ಗಣೇಶಪ್ರಸಾದ ಹಾರ್ನನ್ನು ಅದುಮಿ ಹಿಡಿದ. ಎದುರಿಗೆ ಯಾವ ಗಾಡಿಯೂ ಇರಲಿಲ್ಲ.

ಕಾಸರಗೋಡಿನ ಆಸ್ಪತ್ರೆಯಲ್ಲಿ ಕಾಲಿಗೆ ಲೋಹದ ಪಟ್ಟಿ ಹಾಕಿದರು. ಹರಕು ಬಿಳಿ ಯೂನಿಫಾರ್ಮಿನಲ್ಲಿದ್ದವನನ್ನು ನೋಡಿ ನರ್ಸು ಯಾವ ಇಲಾಖೆ ಎಂದು ಕೇಳಿದಳಂತೆ.

ಕೆಲವು ವಾರಗಳ ಮೇಲೆ ಗಣೇಶಪ್ರಸಾದ ಆಂಪ್ಲಿಫೈಯರ್ ರಿಪೇರಿಯ ನೆಪದಲ್ಲಿ ಕಾಸರಗೋಡಿಗೆ ಹೋದವನು ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಮೊಗ್ರಾಲಿನಲ್ಲಿ ಇಳಿದು ಸಿನಾನನ ಮನೆ ಕೇಳಿಕೊಂಡು ಹೋದ. ಚೀಲದಲ್ಲಿ ಹಳೆಯ ಪಂದ್ಯಗಳ ಸಿ.ಡಿ.ಗಳಿದ್ದವು. ಇಬ್ಬರೂ ಟಿ.ವಿ. ಎದುರು ಕುಳಿತು ಒಬ್ಬೊಬ್ಬ ಅಮೆರಿಕದವನನ್ನೂ ಹರಿದು ಹಾಕಿದರು. ಇವನು ಬೀಳುವ ಮೊದಲೇ ಕೈ ಊರುತ್ತಾನೆ, ಅವನು ಪೆಟ್ಟು ಬೀಳುವ ಮೊದಲೇ ಕಣ್ಣು ಮುಚ್ಚುತ್ತಾನೆ. ಸಿನಾನನ ತಾಯಿ ಜೈನಬಾ ಚಹಾ ತಂದಿಟ್ಟು ಸಿ.ಡಿ.ಗಳ ರಾಶಿಯನ್ನು ನೋಡಿದಳು.

"ಇದನ್ನು ನೋಡಿ ನೋಡಿಯೇ ಇವನ ಕಾಲು ಹೋದದ್ದು. ಇನ್ನೊಂದು ಕಾಲಿಗೆ ತಂದದ್ದಾ ನೀವು?"

ಗಣೇಶಪ್ರಸಾದ ಚಹಾ ಕುಡಿದು ಎದ್ದು ಬಂದ. ಸಿ.ಡಿ.ಗಳನ್ನು ಅಲ್ಲೇ ಬಿಟ್ಟ.

ಸಿನಾನನ ಕಾಲು ಕೂಡಿಕೊಂಡಿತು, ಆದರೆ ಮೊದಲಿನಂತೆ ಮಡಚಲಿಲ್ಲ. ಹಾರುವುದು ಮುಗಿಯಿತು ಎಂದು ಡಾಕ್ಟರು ಹೇಳಿದರು. ಮರುವರ್ಷ ಖಾಲಿದ್ ಕುಂಬಳೆಯಲ್ಲಿ ಇನ್ನೊಂದು ಪ್ರದರ್ಶನ ಇಟ್ಟ. ಅಷ್ಟರಲ್ಲಿ ಮನೆಮನೆಯ ಮಾಡಿನ ಮೇಲೆ ಸ್ವಂತ ಸಣ್ಣ ಡಿಶ್ ಬರತೊಡಗಿ ಗಣೇಶಪ್ರಸಾದನ ಕೇಬಲು ಸಣ್ಣದಾಗುತ್ತ ಬಂದಿತ್ತು. ಖಾಲಿದ್ ಅವನನ್ನು ಮೈಕ್ ಹಿಡಿದು ಪಂದ್ಯ ವಿವರಿಸಲು ಕರೆದ.

"ನಿನ್ನ ಗೇಟಿನ ಬಗ್ಗೆ ವಿವರಿಸ್ಲಿಕ್ಕೆ ನನ್ನಿಂದಾಗ್ಲಿಕ್ಕಿಲ್ಲ," ಎಂದು ಗಣೇಶಪ್ರಸಾದ ಕಳಿಸಿಬಿಟ್ಟ. ಆ ದಿನ ಮಾತ್ರ ಎಲ್ಲರಿಗಿಂತ ಮೊದಲು ಹೋಗಿ ಮೊದಲ ಸಾಲಿನಲ್ಲಿ ಕುಳಿತ. ಶ್ರೀರಂಜಿನಿ ಈ ಸಲ ಜೊತೆಗೆ ಶಾಲೆಯ ಇಬ್ಬರು ಟೀಚರುಗಳನ್ನೂ ಕರೆತಂದಿದ್ದಳು.

ಹೊಸ ಕಸ್ಟಮ್ಸ್ ಆಫೀಸರ್ ಬಂದ. ಒಳ್ಳೆಯ ಮೈಕಟ್ಟು. ಬರುವಾಗಲೇ ಕೈ ಬೀಸಿ ನಕ್ಕ; ಗೆಳೆಯರು ಹೆಸರು ಹಿಡಿದು ಕೂಗಿದಾಗ ಅವರ ಜೊತೆ ಫೋಟೊಕ್ಕೂ ನಿಂತ. ಸೀಮೆಸುಣ್ಣವನ್ನು ಜೇಬಿನಿಂದ ತೆಗೆಯಲೇ ಇಲ್ಲ. ಪ್ರವಾಸಿಯಾಗಿ ಬಂದ ಕಿಟ್ಟಣ್ಣ ಅವನ ಮಂಡಿಗೆ ಒದ್ದಾಗ ಎರಡು ಹೆಜ್ಜೆ ಕುಂಟಿ, ಮೂರನೆಯದಕ್ಕೆ ಜಿಂಕೆಯಂತೆ ಹಾರಿದ.

ಗಣೇಶಪ್ರಸಾದ ಬಾಯಿ ತೆರೆದ. ಆಮೇಲೆ ಮುಚ್ಚಿದ. ಇಂಥವನಿಗಾಗಿ ಕೂಗುವುದೂ ದಂಡ ಎನಿಸಿತು. ಎದ್ದು, ಕುಳಿತವರ ಕಾಲುಗಳನ್ನು ದಾಟಿಕೊಂಡು ಹೊರಗೆ ನಡೆದ.

ಗೇಟಿನಲ್ಲಿ ಸಿನಾನ್ ಎಡಗಾಲನ್ನು ಇನ್ನೊಂದು ಕುರ್ಚಿಯ ಮೇಲೆ ಚಾಚಿ ಟಿಕೆಟ್ ಹರಿಯುತ್ತ ಕುಳಿತಿದ್ದ.

"ಎಂತ ಗಣೇಶಣ್ಣಾ, ಅರ್ಧದಲ್ಲೇ?"

"ನಗ್ತಾನೆ ಅವ," ಎಂದ ಗಣೇಶಪ್ರಸಾದ. "ಕಸ್ಟಮ್ಸ್‌ನವ ನಗ್ತಾನಾ ಎಲ್ಲಾದ್ರೂ?"

"ನಾನು ಹೇಳಿದ್ದೆ. ಅವನಿಗೆ ಅವನ ಹೆಂಡತಿ ಎದುರು ಒಳ್ಳೆಯವ ಆಗ್ಬೇಕಂತೆ."

"ಮಂಡಿ ಮೂರು ಹೆಜ್ಜೆಯಲ್ಲಿ ವಾಸಿ ಆಯ್ತು."

"ಒಳ್ಳೆ ಡಾಕ್ಟರು ಸಿಕ್ಕಿರ್ಬೇಕು," ಎಂದ ಸಿನಾನ್. ತನ್ನ ಕಾಲಿನಡಿಯ ಕುರ್ಚಿಯನ್ನು ಬಿಡಿಸಿ ಮುಂದಕ್ಕೆ ತಳ್ಳಿದ. ಗಣೇಶಪ್ರಸಾದ ಅದರಲ್ಲಿ ಕುಳಿತು ಅವನ ಕಾಲನ್ನು ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡ. ಇಬ್ಬರೂ ತಗಡಿನ ಆಚೆಗಿನ ಸದ್ದನ್ನು ಕೇಳುತ್ತ, ಬೊಬ್ಬೆ ಎಲ್ಲಿ ಏಳಬೇಕಿತ್ತು, ಎಲ್ಲಿ ಸುಮ್ಮನೆ ಎದ್ದಿತು ಎಂದು ತಪ್ಪು ಹುಡುಕಿದರು. ಈ ಜನಕ್ಕೆ ಏನು ಕೊಟ್ಟರೂ ಆಗುತ್ತದೆ ಎಂಬುದರಲ್ಲಿ ಇಬ್ಬರಿಗೂ ಒಮ್ಮತವಿತ್ತು.

ಪ್ರದರ್ಶನ ಮುಗಿದು ಜನ ಹೊರಗೆ ಬಂದರು. ಶ್ರೀರಂಜಿನಿ ಕೊನೆಗೆ ಬಂದಳು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು, ಮುಖ ಕೆಂಪಾಗಿತ್ತು.

"ಹೇಗಿತ್ತು ಟೀಚರೇ?" ಎಂದು ಸಿನಾನ್ ಕೇಳಿದ.

ಅವಳು ಏನೋ ಹೇಳಲು ಹೋದಳು. ಬೊಬ್ಬೆ ಹೊಡೆದು ಹೊಡೆದು ಗಂಟಲು ಪೂರ್ತಿ ಕಟ್ಟಿಹೋಗಿ ಗಾಳಿ ಮಾತ್ರ ಹೊರಟಿತು. ಕೈಯಲ್ಲೇ 'ಬಹಳ ಚೆನ್ನಾಗಿತ್ತು' ಎಂದು ತೋರಿಸಿ, ನೀರು ಸಿಗುತ್ತದೋ ಎಂದು ಗಂಡನ ಕಡೆ ನೋಡಿದಳು.

"ಇವಳಿಗೂ ಹುಚ್ಚು ಹಿಡಿಯಿತು," ಎಂದು ಹೇಳಿ ಗಣೇಶಪ್ರಸಾದ ಸಿನಾನನ ಕಾಲನ್ನು ಮೆಲ್ಲಗೆ ಕೆಳಗಿಳಿಸಿ, ಸೋಡ ತರಲು ಅಂಗಡಿಯ ಕಡೆ ಹೋದ.